ಉತ್ತರ ಬಂದರೆ ಸಾಕೆ?

ಗಣಕಯಂತ್ರದ ಪ್ರಯೋಗಶಾಲೆಗೆ ಹೋದವರಿಗೆಲ್ಲ ಪರಿಚಿತವಾದ ಒಂದು ಮಾತುಂಟು: "ಔಟ್‌ಪುಟ್ ಬಂತು." ವಿದ್ಯಾರ್ಥಿಯು ತಾನು ಬರೆದ ಪ್ರೋಗ್ರಾಮನ್ನು ನಡೆಸುತ್ತಾನೆ, ತೆರೆಯ ಮೇಲೆ ಸರಿಯಾದ ಉತ್ತರ ಮೂಡುತ್ತದೆ, ಅಧ್ಯಾಪಕರು ಬಗ್ಗಿ ನೋಡಿ, ರೆಕಾರ್ಡ್ ಪುಸ್ತಕಕ್ಕೆ ರುಜು ಹಾಕಿ ಮುಂದಿನ ಮೇಜಿಗೆ ಸಾಗುತ್ತಾರೆ. ಉತ್ತರ ಸರಿಯಾಗಿ ಬಂದ ಮೇಲೆ ಪ್ರೋಗ್ರಾಮು ಸರಿಯಾಗಿಯೇ ಇರಬೇಕು ತಾನೆ? ಇರಬೇಕಾಗಿಲ್ಲವೆಂಬುದೇ ನಮ್ಮ ವಾದ. ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮುಗಳ ವಿಷಯದಲ್ಲಂತೂ ಈ ನಂಬಿಕೆ ಹಾನಿಕರವೆಂದೇ ಹೇಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನಲ್ಲಿ ನಾವು ಕಂಡ ಪ್ರಸಂಗವನ್ನು ಮೊದಲು ಹೇಳುತ್ತೇವೆ. ಇಬ್ಬರು ವಿದ್ಯಾರ್ಥಿಗಳು ಸೇರಿ ಅಂಕಪಟ್ಟಿಯನ್ನು ಸಿದ್ಧಪಡಿಸುವ ಪ್ರೋಗ್ರಾಮೊಂದನ್ನು ಬರೆದಿದ್ದರು. ಒಬ್ಬೊಬ್ಬರಿಗೂ ಒಂದೊಂದು ದಾಖಲೆ; ಅದರಲ್ಲಿ ಹೆಸರು, ಐದು ವಿಷಯಗಳ ಅಂಕ, ಕೊನೆಗೆ ಮೊತ್ತ. ಈ ಭಾಗವನ್ನು ಬರೆದವನು ಮೊತ್ತಕ್ಕೆ ಅಂಕಗಳನ್ನು ಒಂದೊಂದಾಗಿ ಕೂಡಿಸುತ್ತ ಹೋಗಿದ್ದನೇ ಹೊರತು, ಕೂಡಿಸಲು ತೊಡಗುವ ಮುನ್ನ ಮೊತ್ತದ ಮನೆಯಲ್ಲಿ ಸೊನ್ನೆಯನ್ನು ಇಟ್ಟಿರಲಿಲ್ಲ. ಆದರೂ ತಿಂಗಳುಗಟ್ಟಲೆ ಉತ್ತರ ಸರಿಯಾಗಿಯೇ ಬರುತ್ತಿತ್ತು. ಆಮೇಲೆ ಅವನ ಜೊತೆಗಾತಿಯು, ಕಡತದ ತಲೆಬರಹವನ್ನು ಓದಿ ಪರೀಕ್ಷಿಸುವ ಸಣ್ಣ ಭಾಗವೊಂದನ್ನು ಪ್ರೋಗ್ರಾಮಿನ ಆರಂಭದಲ್ಲಿ ಸೇರಿಸಿದಳು. ಅದಕ್ಕೆ ಬೇಕಾದ ಮೆಮೊರಿಯನ್ನು ಆಕೆ ಕೇಳಿ ಪಡೆದು, ಕೆಲಸವಾದೊಡನೆ ಕ್ರಮವಾಗಿ ಹಿಂದಿರುಗಿಸಿದ್ದಳು. ಆಕೆಯ ಬರಹದಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅಂದಿನಿಂದ ಮೊತ್ತಗಳು ಕೋಟಿಗಳ ಲೆಕ್ಕಕ್ಕೆ ಹಾರಿದವು. "ನೀನು ಕೈಹಾಕುವವರೆಗೂ ಸರಿಯಾಗಿತ್ತಲ್ಲ" ಎಂದನು ಜೊತೆಗಾರ. ಪರೀಕ್ಷಕರೂ ಹಾಗೆಯೇ ತಿಳಿದರು. ಅಂಕ ಕಳೆದುಕೊಂಡವಳು ಆಕೆ.

ಹೀಗಾದುದು ಏಕೆ? ಮೆಮೊರಿಯ ಹಂಚಿಕೆ ಹೇಗೆ ನಡೆಯುತ್ತದೆಂಬುದನ್ನು ಕೊಂಚ ನೋಡೋಣ.

ಯಾತ್ರಾಸ್ಥಳದ ಛತ್ರವೊಂದನ್ನು ವಾಚಕರು ನೆನೆದುಕೊಳ್ಳಲಿ. ಅಲ್ಲಿ ಒಬ್ಬ ಪಾರುಪತ್ಯಗಾರನಿದ್ದಾನೆ. ಬಂದವರು ಇಷ್ಟು ಜಾಗ ಬೇಕೆಂದು ಕೇಳಿದರೆ ಒಂದು ಕೋಣೆಯ ಬೀಗದ ಕೈಯನ್ನು ಕೊಡುತ್ತಾನೆ; ಹೊರಡುವಾಗ ಹಿಂದಕ್ಕೆ ತೆಗೆದುಕೊಳ್ಳುತ್ತಾನೆ; ಅದೇ ಕೋಣೆಯನ್ನು ಇನ್ನೊಬ್ಬರಿಗೆ ಕೊಡುತ್ತಾನೆ. ಸಿ ಭಾಷೆಯ ಪ್ರೋಗ್ರಾಮಿನಲ್ಲಿ ಈ ಪಾರುಪತ್ಯವನ್ನು ನಡೆಸುವ ಭಾಗಕ್ಕೆ ಅಲೊಕೇಟರ್ ಎಂದು ಹೆಸರು. ಜಾಗವನ್ನು ಕೇಳುವ ಆದೇಶ ಮ್ಯಾಲಕ್. ಹಿಂದಿರುಗಿಸುವ ಆದೇಶ ಫ್ರೀ. ಇವೆರಡನ್ನೂ ಕಾಲೇಜಿನ ವಿದ್ಯಾರ್ಥಿಗಳು ಪಾಠದಲ್ಲಿ ಕಂಡೇ ಇರುತ್ತಾರೆ. ಪಾಠದಲ್ಲಿ ಒತ್ತಿ ಹೇಳದಿರುವ ಸಂಗತಿ ಒಂದುಂಟು: ಈ ಪಾರುಪತ್ಯಗಾರನು ಕೋಣೆಯನ್ನು ಗುಡಿಸಿ ಕೊಡುವುದಿಲ್ಲ. ಹಿಂದಿನವರು ಬಿಟ್ಟುಹೋದ ಸಾಮಾನು ಅಲ್ಲಿಯೇ ಬಿದ್ದಿರಬಹುದು. ಗುಡಿಸಿಯೇ ಕೊಡಬೇಕೆಂದು ಅವನಿಗೆ ಯಾವ ಕಟ್ಟಳೆಯೂ ಇಲ್ಲ. ಗುಡಿಸಿದ ಕೋಣೆಯೇ ಬೇಕೆಂದರೆ ಕ್ಯಾಲಕ್ ಎಂಬ ಬೇರೊಂದು ಆದೇಶದಿಂದ ಕೇಳಬೇಕು.

ಹಾಗಿದ್ದರೆ ಮೊತ್ತದ ಮನೆಯಲ್ಲಿ ತಿಂಗಳುಗಟ್ಟಲೆ ಸೊನ್ನೆ ಇದ್ದುದು ಹೇಗೆ? ಛತ್ರ ಹೊಸದಾಗಿತ್ತು, ಅಷ್ಟೆ. ಪ್ರೋಗ್ರಾಮು ಆರಂಭವಾದಾಗ ಅಲೊಕೇಟರು ಕಾರ್ಯಾಚರಣ ವ್ಯವಸ್ಥೆಯಿಂದ ಮೆಮೊರಿಯನ್ನು ಸಗಟಾಗಿ ಪಡೆಯುತ್ತದೆ. ಲಿನಕ್ಸಿನಂತಹ ವ್ಯವಸ್ಥೆಗಳು ಒಂದು ಪ್ರೋಗ್ರಾಮಿನ ಗುಟ್ಟು ಇನ್ನೊಂದಕ್ಕೆ ತಿಳಿಯದಿರಲೆಂದು, ಹೀಗೆ ಕೊಡುವ ಪುಟಗಳನ್ನೆಲ್ಲ ಸೊನ್ನೆಗಳಿಂದ ತುಂಬಿಯೇ ಕೊಡುತ್ತವೆ. ಆದುದರಿಂದ ಸಣ್ಣ ಪ್ರೋಗ್ರಾಮು ಮೊದಲ ಬಾರಿಗೆ ಪಡೆಯುವ ಜಾಗ ಬಹುಮಟ್ಟಿಗೆ ಸೊನ್ನೆಯಾಗಿಯೇ ಇರುತ್ತದೆ. ಪ್ರೋಗ್ರಾಮು ಬೆಳೆದು, ಜಾಗವನ್ನು ಪಡೆಯುವುದೂ ಬಿಡುವುದೂ ಆರಂಭವಾದ ಮೇಲೆ, ಒಬ್ಬರು ಬಿಟ್ಟ ಕೋಣೆ ಇನ್ನೊಬ್ಬರಿಗೆ ಬರುತ್ತದೆ. ಹಳೆಯ ಕಸ ಆಗ ಕಾಣುತ್ತದೆ. ಆ ವಿದ್ಯಾರ್ಥಿನಿ ಓದಿ ಬಿಟ್ಟ ತಲೆಬರಹದ ಅಕ್ಷರಗಳೇ ಮೊತ್ತದ ಮನೆಯಲ್ಲಿ ಸಂಖ್ಯೆಗಳಾಗಿ ಕುಳಿತಿದ್ದವು. ಪ್ರಯೋಗಶಾಲೆಯ ಪ್ರೋಗ್ರಾಮುಗಳೆಲ್ಲ ಚಿಕ್ಕವು, ಒಂದು ಕ್ಷಣ ನಡೆದು ಮುಗಿಯತಕ್ಕವು. ಎಂದರೆ, ಈ ಬಗೆಯ ತಪ್ಪು ಅಡಗಿಕೊಳ್ಳಲು ಪ್ರಯೋಗಶಾಲೆಗಿಂತ ಅನುಕೂಲವಾದ ಸ್ಥಳ ಮತ್ತೊಂದಿಲ್ಲ.

ಈಗ ನಮ್ಮ ಸಲಹೆಗೆ ಬರೋಣ. ಪಾರುಪತ್ಯಗಾರನು ಕೋಣೆಯನ್ನು ಗುಡಿಸದಿರುವುದು ಮಾತ್ರವಲ್ಲ, ಪ್ರತಿಯೊಂದು ಕೋಣೆಯಲ್ಲಿಯೂ ಬೇಕೆಂದೇ ಗುರುತು ಹಿಡಿಯಬಲ್ಲ ಕಸವನ್ನು ತುಂಬಿ ಕೊಡುವಂತೆ ನಾವು ಅವನಿಗೆ ಹೇಳಬಹುದು! ಕೇಳಿದರೆ ಹುಚ್ಚುತನವೆಂದು ತೋರೀತು. ಆದರೆ ಲಿನಕ್ಸಿನಲ್ಲಿ ಸಾಮಾನ್ಯವಾಗಿ ಬಳಕೆಯಾಗುವ ಗ್ನೂ ಸಿ ಗ್ರಂಥಾಲಯದಲ್ಲಿ ಈ ಏರ್ಪಾಡು ಸಿದ್ಧವಾಗಿಯೇ ಇದೆ. ಪ್ರೋಗ್ರಾಮಿನ ಹೆಸರನ್ನು ಟೈಪು ಮಾಡುವ ಮುನ್ನ, ಅದೇ ಸಾಲಿನಲ್ಲಿ, ಮ್ಯಾಲಕ್ ಪರ್ಟರ್ಬ್ ಎಂಬ ಹೆಸರನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆಯಬೇಕು. ಎರಡು ಪದಗಳ ನಡುವೆ ಒಂದು, ಕೊನೆಯಲ್ಲಿ ಒಂದು ಕೆಳಗೆರೆ ಇರಬೇಕು. ಮುಂದೆ ಸಮಚಿಹ್ನೆ ಹಾಕಿ 1ರಿಂದ 255ರವರೆಗಿನ ಒಂದು ಸಂಖ್ಯೆಯನ್ನು ಕೊಡಬೇಕು. ಪ್ರೋಗ್ರಾಮಿನ ಒಂದಕ್ಷರವನ್ನೂ ತಿದ್ದಬೇಕಾಗಿಲ್ಲ.

ಸಂಖ್ಯೆ 165 ಎಂದಿಟ್ಟುಕೊಳ್ಳೋಣ. ಆಗ ಅಲೊಕೇಟರು ಹಿಂದಿರುಗಿ ಬಂದ ಜಾಗದ ಪ್ರತಿಯೊಂದು ಬೈಟಿನಲ್ಲಿಯೂ 165ನ್ನು ಬರೆಯುತ್ತದೆ. ಹೊಸದಾಗಿ ಕೊಡುವ ಜಾಗದ ಪ್ರತಿಯೊಂದು ಬೈಟಿನಲ್ಲಿಯೂ 255ರಿಂದ 165ನ್ನು ಕಳೆದು ಉಳಿದ 90ನ್ನು ಬರೆಯುತ್ತದೆ. ಕ್ಯಾಲಕ್ ಮೂಲಕ ಕೇಳಿದ ಜಾಗವನ್ನು ಮಾತ್ರ ಸೊನ್ನೆಯಾಗಿಯೇ ಕೊಡುತ್ತದೆ. ಅದು ಅದರ ಕಟ್ಟಳೆ. ನಾಲ್ಕು ಬೈಟುಗಳ ಒಂದು ಪೂರ್ಣಾಂಕದಲ್ಲಿ ನಾಲ್ಕು ಬೈಟುಗಳೂ 90 ಆದರೆ ಅದರ ಬೆಲೆ 1515870810. ಒಬ್ಬ ವಿದ್ಯಾರ್ಥಿಯ ನಿಜವಾದ ಮೊತ್ತ 412 ಆಗಿದ್ದರೆ, ಮೇಲಿನ ತಪ್ಪುಳ್ಳ ಪ್ರೋಗ್ರಾಮು ಮೊದಲ ದಿನವೇ, ಮೊದಲ ಸಲವೇ, 1515871222 ಎಂದು ಅಚ್ಚು ಮಾಡುತ್ತಿತ್ತು. ತಿಂಗಳುಗಟ್ಟಲೆ ಅಡಗಿದ್ದ ದೋಷ ಒಂದು ಕ್ಷಣದಲ್ಲಿ, ಅದೂ ಅದನ್ನು ಬರೆದವನ ಕಣ್ಣೆದುರಿಗೇ, ಹೊರಬೀಳುತ್ತಿತ್ತು. 1515870810 ಎಂಬ ಸಂಖ್ಯೆಯನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಅದರ ಆಸುಪಾಸಿನ ಉತ್ತರ ಕಂಡಕೂಡಲೆ "ಎಲ್ಲಿಯೋ ಆರಂಭದ ಬೆಲೆ ಇಟ್ಟಿಲ್ಲ" ಎಂದು ತಿಳಿದುಬಿಡುತ್ತಾರೆ.

ಎರಡನೆಯ ಬಗೆಯ ತಪ್ಪು ಇದಕ್ಕಿಂತ ಕಪಟವಾದುದು. ಬೀಗದ ಕೈಯನ್ನು ಹಿಂದಿರುಗಿಸಿದ ಮೇಲೆಯೂ ಕೋಣೆಗೆ ಮತ್ತೆ ನುಗ್ಗುವುದು, ಎಂದರೆ ಫ್ರೀ ಮಾಡಿದ ಮೆಮೊರಿಯನ್ನು ಓದುವುದು. ಕೂಡಲೆ ಹೋದರೆ ಸಾಮಾನು ಇದ್ದಲ್ಲಿಯೇ ಇರುತ್ತದೆ, ಯಾರೂ ಕೇಳುವುದಿಲ್ಲ. ಸಿಮ್‌ಸಿಟಿ ಎಂಬ ಹೆಸರಾಂತ ಆಟದ ವಿಂಡೋಸ್ ಆವೃತ್ತಿಯಲ್ಲಿ ಇಂತಹ ದೋಷವಿತ್ತೆಂದು ಅದನ್ನು ಬರೆದ ಜಾನ್ ರಾಸ್ ತಿಳಿಸಿದುದನ್ನು ಜೋಯೆಲ್ ಸ್ಪೋಲ್ಸ್ಕಿ ಎಂಬ ಲೇಖಕರು ಬರೆದಿಟ್ಟಿದ್ದಾರೆ. ಹಳೆಯ ವಿಂಡೋಸಿನಲ್ಲಿ ಆಟ ಸುಗಮವಾಗಿ ನಡೆಯುತ್ತಿತ್ತು. ವಿಂಡೋಸ್ 95 ಸಿದ್ಧವಾಗುತ್ತಿದ್ದಾಗ, ಅದರ ಪರೀಕ್ಷೆಯಲ್ಲಿ ಕುಸಿಯತೊಡಗಿತು. ಮೈಕ್ರೋಸಾಫ್ಟಿನವರು ಏನು ಮಾಡಿದರು ಗೊತ್ತೆ? ನಡೆಯುತ್ತಿರುವುದು ಸಿಮ್‌ಸಿಟಿಯೇ ಎಂದು ಗುರುತಿಸಿ, ಹಾಗಾದರೆ ಬಿಟ್ಟ ಮೆಮೊರಿಯನ್ನು ಕೂಡಲೆ ಮರುಬಳಕೆಗೆ ಕೊಡದಂತೆ ತಮ್ಮ ಅಲೊಕೇಟರಿಗೆ ವಿಶೇಷ ಏರ್ಪಾಡು ಮಾಡಿದರು. ಹೊಸ ವಿಂಡೋಸ್ ಕೊಂಡವರ ಆಟ ನಿಲ್ಲಬಾರದೆಂಬ ವ್ಯಾಪಾರದೃಷ್ಟಿಯಿಂದ ಇದು ಸರಿಯೇ. ಆದರೆ ಅಲೊಕೇಟರಿನ ದಯೆ ತಪ್ಪನ್ನು ಎಷ್ಟು ಕಾಲ ಪೊರೆಯಬಲ್ಲುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ತೋರುವುದಿಲ್ಲ. ಇದಕ್ಕೆ ಪ್ರತಿಯಾಗಿ ಫೈರ್‌ಫಾಕ್ಸ್ ಜಾಲದರ್ಶಕದ ಅಲೊಕೇಟರು ಬಿಟ್ಟ ಜಾಗಕ್ಕೆ 229 ಎಂಬ ಸಂಖ್ಯೆಯನ್ನು ಬಳಿಯುತ್ತದೆ. ಹದಿನಾರರ ಪದ್ಧತಿಯಲ್ಲಿ ಅದು ಇ5. ಕುಸಿತದ ವರದಿಯಲ್ಲಿ ಇ5 ಇ5 ಇ5 ಎಂಬ ಸಾಲು ಕಂಡರೆ, ಬಿಟ್ಟ ಕೋಣೆಗೆ ಯಾರೋ ನುಗ್ಗಿದ್ದಾರೆಂದು ದೂರದಲ್ಲಿರುವವರೂ ಊಹಿಸಬಲ್ಲರು.

ಮೂರನೆಯದು ಗಡಿ ದಾಟುವ ತಪ್ಪು. ಹತ್ತು ಮನೆಗಳ ಸಾಲನ್ನು ಕೇಳಿ ಹನ್ನೊಂದನೆಯದರಲ್ಲಿ ಬರೆಯುವುದು. ಇದಕ್ಕೆ ಬ್ರೂಸ್ ಪೆರೆನ್ಸ್ ಎಂಬುವರು 1987ರಲ್ಲಿಯೇ ಎಲೆಕ್ಟ್ರಿಕ್ ಫೆನ್ಸ್, ಎಂದರೆ ವಿದ್ಯುತ್ ಬೇಲಿ, ಎಂಬ ಅಲೊಕೇಟರನ್ನು ರಚಿಸಿದರು. ಹೆಸರು ಅನ್ವರ್ಥ. ಗಣಕಯಂತ್ರವು ಮೆಮೊರಿಯನ್ನು ಪುಟಗಳಾಗಿ, ಸಾಮಾನ್ಯವಾಗಿ 4096 ಬೈಟುಗಳ ಪುಟಗಳಾಗಿ, ಕಾಯುತ್ತದೆ. ಒಂದು ಪುಟಕ್ಕೆ ಪ್ರವೇಶವಿಲ್ಲವೆಂದು ಸಾರಿದರೆ ಅಲ್ಲಿಗೆ ಕಾಲಿಟ್ಟ ಪ್ರೋಗ್ರಾಮನ್ನು ಯಂತ್ರವೇ ಆ ಕ್ಷಣದಲ್ಲಿ ತಡೆದು ನಿಲ್ಲಿಸುತ್ತದೆ. ಪೆರೆನ್ಸರ ಅಲೊಕೇಟರು ಕೇಳಿದ ಜಾಗವನ್ನು ಪುಟದ ಕೊನೆಯ ಅಂಚಿಗೆ ಒತ್ತಿ ಇಡುತ್ತದೆ. ಮುಂದಿನ ಪುಟಕ್ಕೆ ಬೇಲಿ. ಹತ್ತು ಬೈಟು ಕೇಳಿದರೂ ಎರಡು ಪುಟ ಖರ್ಚು! ದುಂದೆಂಬುದೇನೋ ದಿಟ. ಆದರೆ ತಪ್ಪು ನಡೆದ ಸಾಲಿನಲ್ಲಿಯೇ ಪ್ರೋಗ್ರಾಮು ನಿಲ್ಲುತ್ತದೆ, ಅಲ್ಲಿಂದ ಸಾವಿರ ಸಾಲು ಮುಂದೆ, ನಿರಪರಾಧಿಯ ಬರಹದಲ್ಲಿ ನಿಲ್ಲುವುದಿಲ್ಲ. ಬಿಟ್ಟ ಜಾಗಕ್ಕೂ ಹೀಗೆಯೇ ಬೇಲಿ ಹಾಕುವ ಏರ್ಪಾಡು ಅದರಲ್ಲಿದೆ.

ಅಡಗಿರುವ ತಪ್ಪು ಎಷ್ಟು ಕಾಲ ಬದುಕಬಲ್ಲುದು? 2008ರಲ್ಲಿ ಓಪನ್‌ಬಿಎಸ್‌ಡಿ ಎಂಬ ಕಾರ್ಯಾಚರಣ ವ್ಯವಸ್ಥೆಯ ಅಲೊಕೇಟರನ್ನು ಓಟೋ ಮೂರ್‌ಬೀಕ್ ಎಂಬುವರು ಹೊಸದಾಗಿ ಬರೆದರು. ಅರ್ಧ ಪುಟಕ್ಕಿಂತ ದೊಡ್ಡ ತುಂಡುಗಳನ್ನು ಪುಟದ ಅಂಚಿಗೆ ಒತ್ತಿ ಇಡುವ ಕ್ರಮ ಅದರಲ್ಲಿತ್ತು. ಸ್ಪಾರ್ಕ್ 64 ಯಂತ್ರಗಳಲ್ಲಿ ದೊಡ್ಡ ಪ್ರೋಗ್ರಾಮುಗಳನ್ನು ಕಂಪೈಲು ಮಾಡುವಾಗ ಕಂಪೈಲರು ಆಗಾಗ ಕುಸಿಯುತ್ತಿದೆಯೆಂಬ ದೂರು ಬಂತು. ಮೊದಲ ಸಂಶಯ ಹೊಸ ಅಲೊಕೇಟರಿನ ಮೇಲೆಯೇ ಬರುವುದು ಸಹಜ. ನಮ್ಮ ವಿದ್ಯಾರ್ಥಿನಿಯ ಪಾಡೂ ಅದೇ ತಾನೆ? ಹುಡುಕಿ ನೋಡಿದರೆ ತಪ್ಪು ಇದ್ದುದು ಯಾಕ್ ಎಂಬ ಹಳೆಯ ಸಾಧನದಲ್ಲಿ. 1975ರಲ್ಲಿ ಹೊರಬಂದ ಯೂನಿಕ್ಸಿನ ಆರನೆಯ ಆವೃತ್ತಿಯವರೆಗೂ ಅದರ ಬೇರು ಹೋಗಿತ್ತು. ಮೂವತ್ತಮೂರು ವರ್ಷ! ಅಷ್ಟು ಕಾಲವೂ ಅದಕ್ಕೆ "ಔಟ್‌ಪುಟ್" ಬರುತ್ತಲೇ ಇತ್ತು.

ಇದುವರೆಗೆ ಹೇಳಿದ ಉದಾಹರಣೆಗಳಲ್ಲಿ ನಷ್ಟವಾದುದು ಅಂಕ, ಆಟ, ಸಮಯ. ಇನ್ನೊಂದು ಪ್ರಸಂಗದಲ್ಲಿ ಹಾಗಾಗಲಿಲ್ಲ. ಜಾಲದಲ್ಲಿ ಗುಪ್ತ ವ್ಯವಹಾರಕ್ಕೆ ಬಳಕೆಯಾಗುವ ಓಪನ್‌ಎಸ್‌ಎಸ್‌ಎಲ್ ಎಂಬ ಗ್ರಂಥಾಲಯದಲ್ಲಿ 2012ರಿಂದ ಒಂದು ದೋಷ ಸೇರಿಕೊಂಡಿತ್ತು. 2014ರ ಏಪ್ರಿಲ್ 7ರಂದು ಅದು ಹಾರ್ಟ್‌ಬ್ಲೀಡ್ ಎಂಬ ಹೆಸರಿನಲ್ಲಿ ಲೋಕಕ್ಕೆ ತಿಳಿಯಿತು. ದೂರದಿಂದ ಕೇಳುವವನು ಕೊಟ್ಟ ಉದ್ದದ ಲೆಕ್ಕವನ್ನು ಪರೀಕ್ಷಿಸದೆ ನಂಬಿ, ಒಂದು ಸಲಕ್ಕೆ 64 ಕಿಲೋಬೈಟುಗಳವರೆಗೆ ತನ್ನ ಮೆಮೊರಿಯನ್ನು ಓದಿ ಅವನಿಗೆ ಕಳುಹಿಸಿಬಿಡುತ್ತಿತ್ತು. ಅದರಲ್ಲಿ ಇತರರ ಗುಪ್ತಪದಗಳೂ ಗೂಢಲಿಪಿಯ ಕೀಲಿಗಳೂ ಇರಬಹುದಾಗಿತ್ತು. ಬಿಟ್ಟ ಜಾಗವನ್ನು ಕಸದಿಂದ ತುಂಬುವ, ಅಂಚಿಗೆ ಬೇಲಿ ಹಾಕುವ ಅಲೊಕೇಟರುಗಳು ಇಂತಹ ಸೋರಿಕೆಯನ್ನು ಕಡಿಮೆ ಮಾಡಬಲ್ಲವು. ಎಷ್ಟೋ ವೇಳೆ ಪ್ರೋಗ್ರಾಮನ್ನು ಕುಸಿಯುವಂತೆ ಮಾಡಿ ಎಚ್ಚರಿಸಬಲ್ಲವು. ಆದರೆ ಓಪನ್‌ಎಸ್‌ಎಸ್‌ಎಲ್ ವೇಗಕ್ಕಾಗಿ ವ್ಯವಸ್ಥೆಯ ಅಲೊಕೇಟರಿಗೆ ಜಾಗವನ್ನು ಹಿಂದಿರುಗಿಸದೆ, ತನ್ನದೇ ಒಂದು ಪಟ್ಟಿಯಲ್ಲಿ ಇರಿಸಿಕೊಳ್ಳುತ್ತಿತ್ತು. ಪಾರುಪತ್ಯಗಾರನಿಗೆ ತಿಳಿಸದೆ ಯಾತ್ರಿಕರೇ ಬೀಗದ ಕೈಗಳನ್ನು ತಮ್ಮತಮ್ಮಲ್ಲಿ ಬದಲಾಯಿಸಿಕೊಂಡಂತೆ.

ಸ್ವಾರಸ್ಯವಿರುವುದು ಮುಂದೆ. ಈ ಪಟ್ಟಿಯನ್ನು ತೆಗೆದುಹಾಕಲು ಓಪನ್‌ಎಸ್‌ಎಸ್‌ಎಲ್‌ನಲ್ಲಿಯೇ ಒಂದು ಆಯ್ಕೆ ಇತ್ತು. ಓಪನ್‌ಬಿಎಸ್‌ಡಿ ಬಳಗದ ಟೆಡ್ ಉನಾಂಗ್‌ಸ್ಟ್ ಅದನ್ನು ಬಳಸಿ ನೋಡಿದಾಗ ಗ್ರಂಥಾಲಯ ಸರಿಯಾಗಿ ಕೆಲಸ ಮಾಡಲೇ ಇಲ್ಲ. ಏಕೆಂದರೆ ಅದರ ಒಂದು ಭಾಗ, ಓದಿದ ಜಾಗವನ್ನು ಬಿಟ್ಟು, ಮರುಕ್ಷಣವೇ ಮತ್ತೆ ಕೇಳಿ, ಅದೇ ಜಾಗ ಅದೇ ಸಾಮಾನಿನೊಡನೆ ಸಿಕ್ಕೀತೆಂದು ನಂಬಿ ಬರೆಯಲ್ಪಟ್ಟಿತ್ತು. ಪಟ್ಟಿಯಲ್ಲಿ ಕೊನೆಗೆ ಇಟ್ಟದ್ದೇ ಮೊದಲು ಹೊರಬರುತ್ತಿದ್ದುದರಿಂದ ಆ ನಂಬಿಕೆ ಫಲಿಸುತ್ತಿತ್ತು. ನಿಷ್ಠುರವಾದ ಅಲೊಕೇಟರಿನೊಡನೆ ಯಾರಾದರೂ ಅದನ್ನು ಕ್ರಮವಾಗಿ ನಡೆಸಿ ನೋಡಿದ್ದರೆ ಈ ತಪ್ಪು ಮೊದಲ ದಿನವೇ ಕಾಣುತ್ತಿತ್ತು. ಅದೇ ತಿಂಗಳು ಓಪನ್‌ಬಿಎಸ್‌ಡಿ ಬಳಗದವರು ಆ ಗ್ರಂಥಾಲಯದ ಪ್ರತಿಯೊಂದನ್ನು ತೆಗೆದುಕೊಂಡು, ಇಂತಹ ಪಟ್ಟಿಗಳನ್ನು ಕಿತ್ತುಹಾಕಿ, ಲಿಬ್ರೆಎಸ್‌ಎಸ್‌ಎಲ್ ಎಂಬ ಹೆಸರಿನಲ್ಲಿ ಬೇರೆ ಶಾಖೆಯನ್ನೇ ತೆರೆದರು.

ನಮ್ಮ ಮಾತಿಗೆ ಆಕ್ಷೇಪಗಳಿಲ್ಲದಿಲ್ಲ. ಅಲೊಕೇಟರು ಪ್ರತಿ ಸಲವೂ ಸೊನ್ನೆಯನ್ನೇ ತುಂಬಿ ಕೊಟ್ಟರೆ ತೊಂದರೆಯೇ ಇರುವುದಿಲ್ಲವಲ್ಲ ಎಂದು ಕೆಲವರು ಕೇಳುತ್ತಾರೆ. ಜನರ ಕೈಗೆ ಹೋದ ಯಂತ್ರದಲ್ಲಿ ಹಾಗೆ ಮಾಡುವುದನ್ನು ನಾವು ವಿರೋಧಿಸುವುದಿಲ್ಲ. ಗುಟ್ಟು ಸೋರದಿರಲು ಅದು ಒಳ್ಳೆಯ ಉಪಾಯವೇ. ಆದರೆ ಕಲಿಯುವ ಮೇಜಿನ ಮೇಲೆ ಸೊನ್ನೆ ತುಂಬುವುದೆಂದರೆ ತಪ್ಪಿಗೆ ಹಾಸಿಗೆ ಹಾಸಿಕೊಟ್ಟಂತೆ. ವೇಗ ಕಡಿಮೆಯಾಗುತ್ತದೆ ಎಂಬುದು ಇನ್ನೊಂದು ಆಕ್ಷೇಪ. 412 ಅಂಕಗಳನ್ನು ಕೂಡಿಸುವ ಪ್ರೋಗ್ರಾಮಿಗೆ ವೇಗದ ಚಿಂತೆಯೇಕೆಂದು ನಮಗೆ ತಿಳಿಯದು.

ಹೆಚ್ಚು ತೂಕವುಳ್ಳ ಆಕ್ಷೇಪವೆಂದರೆ, ಎಚ್ಚರಿಕೆಯ ಗಂಟೆ ಬಾರಿಸಿದ ಮಾತ್ರಕ್ಕೆ ಕೇಳುವವನಿಗೆ ಬುದ್ಧಿ ಬರುವುದಿಲ್ಲ ಎಂಬುದು. ಇದನ್ನು ನಾವು ಒಪ್ಪುತ್ತೇವೆ. 2006ರಲ್ಲಿ ಡೆಬಿಯನ್ ಎಂಬ ಲಿನಕ್ಸ್ ವಿತರಣೆಯಲ್ಲಿ, ಆರಂಭದ ಬೆಲೆಯಿಲ್ಲದ ಮೆಮೊರಿಯ ಬಳಕೆಯಾಗುತ್ತಿದೆಯೆಂದು ವ್ಯಾಲ್‌ಗ್ರಿಂಡ್ ಎಂಬ ಪರೀಕ್ಷಕ ಸಾಧನ ತಕರಾರು ಮಾಡಿತೆಂದು ಇದೇ ಓಪನ್‌ಎಸ್‌ಎಸ್‌ಎಲ್‌ನ ಎರಡು ಸಾಲುಗಳನ್ನು ತೆಗೆದುಬಿಟ್ಟರು. ಯದೃಚ್ಛೆಯ ಸಂಖ್ಯೆಗಳನ್ನು ಬೆರೆಸುತ್ತಿದ್ದುದು ಆ ಸಾಲುಗಳೇ. 2008ರ ಮೇ ತಿಂಗಳಲ್ಲಿ ವಿಷಯ ಬಯಲಾಗುವವರೆಗೂ ಆ ವ್ಯವಸ್ಥೆಯಲ್ಲಿ ತಯಾರಾದ ಗೂಢಲಿಪಿಯ ಕೀಲಿಗಳು, ಒಂದೊಂದು ಬಗೆಯ ಯಂತ್ರದಲ್ಲಿ ಒಂದೊಂದು ಅಳತೆಗೆ ಕೇವಲ ಮೂವತ್ತೆರಡು ಸಾವಿರದಷ್ಟು ಸಾಧ್ಯತೆಗಳೊಳಗೇ ಇದ್ದವು. ಎಚ್ಚರಿಕೆ ಸುಳ್ಳಾಗಿರಲಿಲ್ಲ, ಅದನ್ನು ಅಡಗಿಸಿದ ರೀತಿ ತಪ್ಪಾಗಿತ್ತು. ಆದುದರಿಂದ ಕಸದ ಸಂಖ್ಯೆ ಕಂಡಾಗ ಅದನ್ನು ಮಾಯವಾಗಿಸುವ ಸಾಲನ್ನು ಎಲ್ಲಿಯಾದರೂ ತುರುಕುವುದಲ್ಲ. ಮೊತ್ತದ ಮನೆಯಲ್ಲಿ ಮೊದಲು ಏನಿರಬೇಕಾಗಿತ್ತೆಂದು ವಿಚಾರಿಸಬೇಕು.

ಈ ಏರ್ಪಾಡಿನ ಮಿತಿಗಳನ್ನೂ ಹೇಳಿಬಿಡುತ್ತೇವೆ. ಮ್ಯಾಲಕ್‌ನಿಂದ ಪಡೆದ ಜಾಗಕ್ಕೆ ಮಾತ್ರ ಇದು ಅನ್ವಯಿಸುತ್ತದೆ. ಫಂಕ್ಷನ್ನಿನೊಳಗೆ ನೇರವಾಗಿ ಘೋಷಿಸಿದ ಚರಗಳನ್ನು ಮುಟ್ಟುವುದಿಲ್ಲ. ಗ್ರಂಥಾಲಯದ ಕೆಲವು ಆವೃತ್ತಿಗಳಲ್ಲಿ, ಮರುಬಳಕೆಗೆಂದು ಕೈಯಳತೆಯಲ್ಲಿ ಇಟ್ಟುಕೊಂಡ ಸಣ್ಣ ಚೂರುಗಳು ಈ ಬಣ್ಣವನ್ನು ತಪ್ಪಿಸಿಕೊಳ್ಳುವುದುಂಟು. ಹಳೆಯ ಪುಸ್ತಕಗಳಲ್ಲಿ ಹೇಳಿರುವ ಮ್ಯಾಲಕ್ ಚೆಕ್ ಎಂಬ ಇನ್ನೊಂದು ಏರ್ಪಾಡು 2021ರಲ್ಲಿ ಬಂದ 2.34ನೆಯ ಆವೃತ್ತಿಯಿಂದ ಮುಂದಕ್ಕೆ ಬರಿಯ ಹೆಸರು ಬರೆದರೆ ಕೆಲಸ ಮಾಡುವುದಿಲ್ಲ. ಅದಕ್ಕೆಂದೇ ಬೇರ್ಪಡಿಸಿದ ಗ್ರಂಥಾಲಯವನ್ನು ಮೊದಲು ಜೋಡಿಸಬೇಕು. ಇದನ್ನು ತಿಳಿಯದೆ "ಪರೀಕ್ಷೆ ಮಾಡಿದೆ, ತಪ್ಪಿಲ್ಲ" ಎಂದುಕೊಂಡವರನ್ನು ನಾವು ಕಂಡಿದ್ದೇವೆ. ಇನ್ನೂ ಬಿಗಿಯಾದ ಪರೀಕ್ಷೆ ಬೇಕಾದವರು, ಗೂಗಲ್ ಸಂಸ್ಥೆಯ ಎಂಜಿನಿಯರುಗಳು ರಚಿಸಿ 2012ರಲ್ಲಿ ವಿವರಿಸಿದ ಅಡ್ರೆಸ್ ಸ್ಯಾನಿಟೈಸರನ್ನು ಬಳಸಬೇಕು. ಅದಕ್ಕೆ ಪ್ರೋಗ್ರಾಮನ್ನು ಒಂದು ಆಯ್ಕೆಯೊಡನೆ ಮತ್ತೆ ಕಂಪೈಲು ಮಾಡಬೇಕಾಗುತ್ತದೆ. ಓಟ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಆದರೆ ಗಡಿ ದಾಟಿದ ಸಾಲನ್ನೂ, ಬಿಟ್ಟ ಜಾಗಕ್ಕೆ ನುಗ್ಗಿದ ಸಾಲನ್ನೂ ಬೆರಳಿಟ್ಟು ತೋರಿಸುತ್ತದೆ. ಆರಂಭದ ಬೆಲೆಯಿಲ್ಲದ ಓದನ್ನು ಅದು ಹುಡುಕುವುದಿಲ್ಲ. ಆ ಕೆಲಸಕ್ಕೆ ವ್ಯಾಲ್‌ಗ್ರಿಂಡ್ ಇದೆ.

ಪರೀಕ್ಷಕರಲ್ಲಿ ನಮ್ಮ ಬಿನ್ನಹ ಇಷ್ಟೆ. ರುಜು ಹಾಕುವ ಮುನ್ನ ಪ್ರೋಗ್ರಾಮನ್ನು ಎರಡು ಸಲ ಓಡಿಸಲಿ: ಒಮ್ಮೆ 165 ಎಂದು ಕೊಟ್ಟು, ಇನ್ನೊಮ್ಮೆ ಬೇರೊಂದು ಸಂಖ್ಯೆ ಕೊಟ್ಟು. ಉತ್ತರಗಳು ಒಂದೇ ಆಗಿದ್ದರೆ ದೋಷವಿಲ್ಲವೆಂದು ಸಿದ್ಧವಾಗದು. ಬೇರೆ ಬೇರೆಯಾಗಿದ್ದರೆ, ಓಟದಿಂದ ಓಟಕ್ಕೆ ಬೇಕೆಂದೇ ಬದಲಾಗುವ ಪ್ರೋಗ್ರಾಮುಗಳನ್ನು ಬಿಟ್ಟು, ದೋಷವುಂಟೆಂಬುದು ನಿಶ್ಚಯ. ಇದಕ್ಕೆ ಹಿಡಿಯುವ ಕಾಲ ಅರ್ಧ ನಿಮಿಷ. ವಿದ್ಯಾರ್ಥಿಗಳು ಪರೀಕ್ಷಕರಿಗಾಗಿ ಕಾಯಬೇಕಾಗಿಲ್ಲ. ತಮ್ಮ ಖಾತೆಯ ಆರಂಭದ ಕಡತದಲ್ಲಿ ಒಂದು ಸಾಲನ್ನು ಬರೆದಿಟ್ಟರೆ ಪ್ರತಿ ದಿನವೂ ಎಲ್ಲ ಪ್ರೋಗ್ರಾಮುಗಳೂ ಹೀಗೆಯೇ ನಡೆಯುತ್ತವೆ.

ಆ ಅಂಕಪಟ್ಟಿಯ ಪ್ರೋಗ್ರಾಮನ್ನು ನಾವು ಹೀಗೆ ಓಡಿಸಿ ನೋಡಿದುದು ಫಲಿತಾಂಶ ಹೊರಬಿದ್ದ ಮೇಲೆ. ಆಕೆಯ ಸಾಲುಗಳನ್ನೆಲ್ಲ ತೆಗೆದುಹಾಕಿದ ಹಳೆಯ ಪ್ರತಿಯಲ್ಲಿಯೂ 1515871222 ಬಂತು. ಜೊತೆಗಾರನು ಬಹಳ ಹೊತ್ತು ತೆರೆಯನ್ನೇ ನೋಡಿ, ತಾನೇ ಕೀಲಿಮಣೆಯನ್ನು ಎಳೆದುಕೊಂಡು ಮೊತ್ತದ ಮನೆಯಲ್ಲಿ ಸೊನ್ನೆಯನ್ನಿಡುವ ಸಾಲನ್ನು ಬರೆದನು. ಆಕೆಯ ಅಂಕಗಳನ್ನು ಮಾತ್ರ ಯಾರೂ ತಿದ್ದಲಿಲ್ಲ.